ಮಿಣಿಯೂ ಪಟ್ಟಾವೂ

ಕಲಬುರಗಿಯಿಂದ ಸೇಡಮ್ಮಿಗೆ ಹೋಗುವ ಹಾದಿಯಲ್ಲಿ, ಚಿತ್ತಾಪುರ ತಾಲೂಕಿಗೆ ಸೇರಿದ ಗುಂಡಗುರ್ತಿಯ ಸುತ್ತಮುತ್ತ ಬಾಲ್ಯವನ್ನು ಕಳೆದವರಿಗೆ ಹಿಟ್ಟಿನ ಗಿರಣಿಯ ಸದ್ದು ಮರೆಯುವಂಥದಲ್ಲ. ಸಂಜೆ ಇಳಿಯುವ ಹೊತ್ತಿಗೆ, ಜೋಳದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತ ಹೆಂಗಸರು ಗಿರಣಿಯ ಬಾಗಿಲಲ್ಲಿ ಸರದಿಗಾಗಿ ಕುಳಿತಿರಲು, ಹಿಂದಿನ ಕೋಣೆಯ ಎಣ್ಣೆ ಇಂಜಿನು ಉಸಿರುಗಟ್ಟಿ ಉಸಿರು ಬಿಡುವವನಂತೆ ಬಡಿದುಕೊಳ್ಳುತ್ತಿತ್ತು. ಆ ದೊಡ್ಡ ಸದ್ದಿನ ಒಳಗೆ, ಕಿವಿಯಿಟ್ಟು ಕೇಳಿದವರಿಗೆ ಮಾತ್ರ ತಿಳಿಯುವ ಇನ್ನೊಂದು ಸಣ್ಣ ಸದ್ದು, 'ಟಪ್, ಟಪ್' ಎಂದು ಎಣಿಸಬಹುದಾದ ಲಯದಲ್ಲಿ ಸಾಗುತ್ತಿತ್ತು. ಇಂಜಿನಿನ ಗಾಲಿಯಿಂದ ಬೀಸುವ ಕಲ್ಲಿನ ಗಾಲಿಗೆ ಹಾಯ್ದ ಉದ್ದನೆಯ ಪಟ್ಟಾದ ಎರಡು ತುದಿಗಳನ್ನು ಕೂಡಿಸಿ ಹೊಲಿದ ಸಂದು, ಒಂದೊಂದು ಸುತ್ತಿಗೆ ಒಂದೊಂದು ಸಲ ಗಾಲಿಯನ್ನು ತಟ್ಟಿ ಹೋಗುತ್ತಿದ್ದ ಸದ್ದು ಅದು. ಗಿರಣಿಯನ್ನು ನಡೆಸುತ್ತಿದ್ದ ವೃದ್ಧರು ಹಿಟ್ಟನ್ನು ಕೈಯಲ್ಲಿ ಉಜ್ಜಿ ನೋಡುತ್ತಿರುವಾಗಲೂ, ಗಿರಾಕಿಯೊಡನೆ ಲೆಕ್ಕ ಮಾಡುತ್ತಿರುವಾಗಲೂ ಅವರ ಗಮನದ ಒಂದಂಶ ಆ ಸದ್ದಿನ ಮೇಲೆಯೇ ಇರುತ್ತಿತ್ತು. ಸದ್ದು ಮಂದವಾಗಿ 'ಚಟ್' ಎಂಬುದಕ್ಕೆ ತಿರುಗಿತೆಂದರೆ ಅವರು ಎದ್ದು ಇಂಜಿನನ್ನು ನಿಲ್ಲಿಸುವರು. ಪಟ್ಟಾ ಹರಿಯುವುದಕ್ಕೆ ಮೊದಲೇ ಅದು ಹರಿಯುವುದೆಂದು ಅವರಿಗೆ ತಿಳಿಯುತ್ತಿತ್ತು.

ಹುಡುಗರಾಗಿದ್ದ ನಾವು ಅವರನ್ನು ಮುತ್ಯಾ ಎಂದು ಕರೆಯುತ್ತಿದ್ದೆವು. ಒಂದು ದಿನ ಅವರು ಹೊಸ ತೊಗಲಿನ ತುಂಡೊಂದನ್ನು ಪಟ್ಟಾಕ್ಕೆ ಕೂಡಿಸುತ್ತಿದ್ದಾಗ, ನುಣುಪಾದ ಮೈ ಹೊರಗಿದ್ದರೆ ಚೆಂದವಲ್ಲವೇ ಎಂದು ನಾನು ಕೇಳಿದ ನೆನಪು. "ಕೂದಲ ಬದಿ ಗಾಲಿಗಿರಬೇಕು, ಮಾಂಸದ ಬದಿ ಗಾಳಿಗಿರಬೇಕು ನೋಡು ತಮ್ಮಾ" ಎಂದರು. ಗಾಲಿ, ಗಾಳಿ ಎಂಬ ಎರಡು ಶಬ್ದಗಳ ಹತ್ತಿರದ ಉಚ್ಚಾರಣೆಯಿಂದ ಆ ಮಾತು ನನಗೆ ಒಗಟಿನಂತೆ ನೆನಪಿನಲ್ಲುಳಿಯಿತು. ಅದರ ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಚರ್ಮದ ಕೂದಲಿನ ಕಡೆಯ ಮೈ ನಯವಾಗಿದ್ದು ಕಬ್ಬಿಣದ ಗಾಲಿಯನ್ನು ಸಂದಿಲ್ಲದಂತೆ ಅಪ್ಪಿಕೊಳ್ಳುತ್ತದೆ. ಮಾಂಸದ ಕಡೆಯ ಮೈ ಎಳೆತವನ್ನು ತಾಳಬಲ್ಲದಾದುದರಿಂದ, ಗಾಲಿಯ ಮೇಲೆ ಬಾಗುವಾಗ ಹೆಚ್ಚು ಹಿಗ್ಗಬೇಕಾದ ಹೊರಗಿನ ಪಾರ್ಶ್ವ ಅದರ ಪಾಲಿಗೆ ಬರುವುದು ಯುಕ್ತ. ಇಂಗ್ಲೆಂಡಿನ ಗಿರಣಿಗಳಲ್ಲಿಯೂ ಅಮೆರಿಕದ ಕಾರ್ಖಾನೆಗಳಲ್ಲಿಯೂ ಹಳೆಯ ಯಂತ್ರಕಾರರು ಇದೇ ನಿಯಮವನ್ನು ಪಾಲಿಸುತ್ತಿದ್ದರೆಂಬುದನ್ನು ಆಮೇಲೆ ಓದಿ ತಿಳಿದೆನು. ಗುಂಡಗುರ್ತಿಯ ಸೀಮೆಯ ಮುತ್ಯಾನಿಗೆ ಆ ನಿಯಮವು ಪುಸ್ತಕದಿಂದ ಬಂದುದಲ್ಲ. ಇಂಜಿನುಗಳು ಈ ಸೀಮೆಗೆ ಕಾಲಿಡುವುದಕ್ಕಿಂತ ಬಹುಕಾಲ ಮುಂಚಿನಿಂದ ತೊಗಲನ್ನೂ ಅದರ ಸ್ವಭಾವವನ್ನೂ ಬಲ್ಲ ಕೈಗಳು ಇಲ್ಲಿದ್ದವು. ಆ ಕೈಗಳ ಇತಿಹಾಸವನ್ನು ನನಗೆ ತಿಳಿದಷ್ಟು ಬರೆದಿಡಬೇಕೆಂಬುದೇ ಈ ಬರಹದ ಉದ್ದೇಶ.

ಈ ನಾಡಿನ ಇತಿಹಾಸವೆಂದೊಡನೆ ನಮ್ಮ ವಿದ್ವಾಂಸರ ದೃಷ್ಟಿಯು ಸಹಜವಾಗಿಯೇ ಕಾಗಿಣಾ ನದಿಯ ದಡದ ಮಳಖೇಡದ ಕಡೆಗೆ ಹೊರಳುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವದು, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಕವಿರಾಜಮಾರ್ಗವು ಹುಟ್ಟಿದ ನೆಲ. ಕಾಗಿಣಾ ಮುಂದೆ ಹರಿದು ಹೊನಗುಂಟದ ಬಳಿ ಭೀಮೆಯನ್ನು ಕೂಡುತ್ತದೆ; ಭೀಮೆಯ ದಡದಲ್ಲಿಯೇ ಸನ್ನತಿ, ಅದರ ನೆರೆಯಲ್ಲಿ ಅಶೋಕನ ಹೆಸರನ್ನು ಕೆತ್ತಿದ ಶಿಲ್ಪ ದೊರೆತ ಕನಗನಹಳ್ಳಿಯ ಸ್ತೂಪ. ಇವೆಲ್ಲ ಕೀರ್ತಿಯ ವಿಷಯಗಳೇ ಸರಿ. ಆದರೆ ನೃಪತುಂಗನ ಕಾಲದ ರೈತನೂ ಹೊಲಕ್ಕೆ ನೀರು ಹಾಯಿಸಿದ್ದಾನೆ, ಎತ್ತಿನ ಕೊರಳಿಗೆ ನೊಗವನ್ನು ಬಿಗಿದಿದ್ದಾನೆ. ಅವನಿಗೆ ತೊಗಲಿನ ಬಾರನ್ನೂ ಮಿಣಿಯನ್ನೂ ಒದಗಿಸಿದವನಿಗೆ ಯಾವ ಶಾಸನದಲ್ಲಿಯೂ ಸ್ಥಾನ ದೊರೆತಂತೆ ಕಾಣಲಿಲ್ಲ. ಈ ಸೀಮೆಗೆ ಹತ್ತಿರದ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಒಮ್ಮೆ ಮಾತ್ರ ಅವನ ಹೆಸರು ಗಟ್ಟಿಯಾಗಿ ಉಚ್ಚರಿಸಲ್ಪಟ್ಟಿತು: ಚರ್ಮವನ್ನು ಹದಮಾಡುತ್ತಿದ್ದ ಡೋಹರ ಕಕ್ಕಯ್ಯ, ಕೆರಹುಗಳನ್ನು ಹೊಲಿಯುತ್ತಿದ್ದ ಹರಳಯ್ಯ, ಇವರು ಬಸವಣ್ಣನವರ ಸಮೀಪದಲ್ಲಿ ಶರಣರಾಗಿ ಕುಳಿತರು. ಕಲ್ಯಾಣವು ಚದುರಿಹೋದ ಮೇಲೆ ಕಾಯಕವು ಉಳಿಯಿತು, ಕಾಯಕಕ್ಕೆ ಸಂದ ಗೌರವವು ಉಳಿಯಲಿಲ್ಲ.

ಆ ಕಾಯಕವನ್ನು ತಿಳಿಯುವುದಕ್ಕೆ, ಬಾವಿಯಿಂದ ನೀರೆತ್ತುವ ಮೊಟ್ಟೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೈಸೂರು ಸೀಮೆಯವರು ಕಪಿಲೆ ಎನ್ನುವುದನ್ನೇ ಉತ್ತರದವರು ಮೊಟ್ಟೆ ಎನ್ನುತ್ತಾರೆ. ಸುಣ್ಣಗಲ್ಲಿನ ಪದರಗಳನ್ನು ಕಡಿದು ಇಳಿಸಿದ ಬಾವಿಯ ಬಾಯಿಗೆ ಮರದ ಚೌಕಟ್ಟೊಂದನ್ನು ನಿಲ್ಲಿಸಿ, ಅದರ ತಲೆಯಲ್ಲಿ ಗಾಲಿಯನ್ನೂ, ಕೆಳಗೆ ಕಲ್ಲಿನ ಅಂಚಿಗೆ ಉದ್ದನೆಯ ಉರುಳೆಯನ್ನೂ ಕೂಡಿಸುತ್ತಿದ್ದರು. ನೂರು ಲೀಟರಿಗೂ ಮಿಕ್ಕಿ ನೀರು ಹಿಡಿಯುವ ತೊಗಲಿನ ಚೀಲಕ್ಕೆ ಆನೆಯ ಸೊಂಡಿಲಿನಂಥ ಉದ್ದ ಬಾಲವಿರುತ್ತಿತ್ತು. ಗಾಲಿಯ ಮೇಲಿಂದ ಹಾಯುವ ದಪ್ಪ ಮಿಣಿಯು ಚೀಲದ ಬಾಯನ್ನು ಹಿಡಿದರೆ, ಉರುಳೆಯ ಮೇಲಿಂದ ಹಾಯುವ ತೆಳು ಹಗ್ಗವು ಸೊಂಡಿಲನ್ನು ಮೇಲಕ್ಕೆ ಮಡಿಚಿ ಹಿಡಿಯುತ್ತಿತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ, ಮಿಣಿಯ ಮೇಲೆ ತಾನೇ ಕುಳಿತು ತನ್ನ ಭಾರವನ್ನೂ ಎತ್ತಿನ ಶ್ರಮಕ್ಕೆ ಕೂಡಿಸುವ ರೈತನ ಹಾಡಿನೊಡನೆ ಚೀಲವು ಮೇಲೇರಿ, ಎರಡು ಹಗ್ಗಗಳ ಉದ್ದದ ಅಂತರದಿಂದ ಸೊಂಡಿಲು ತಾನಾಗಿಯೇ ಕಾಲುವೆಯ ತೊಟ್ಟಿಯೊಳಕ್ಕೆ ಬಾಯಿಬಿಟ್ಟು ನೀರನ್ನು ಸುರಿಯುತ್ತಿತ್ತು. ಎತ್ತುಗಳು ಹಿಂದಕ್ಕೆ ಬಂದು, ಮತ್ತೆ ಇಳಿದು, ಹೀಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ನೂರಾರು ಸಲ. ಅಷ್ಟು ಸಲ ನೀರಿನಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿ, ಗಾಲಿಯ ಮೇಲೆ ಬಾಗಿ, ಎಳೆತಕ್ಕೆ ಸೆಟೆದು ಬಾಳಬೇಕಾದ ತೊಗಲನ್ನು ಸಿದ್ಧಪಡಿಸುವುದು ಸಾಮಾನ್ಯ ಕೆಲಸವಲ್ಲ.

ಆ ಸಿದ್ಧತೆಯು ಪ್ರಾರಂಭವಾಗುತ್ತಿದ್ದುದು ಸುಣ್ಣದಿಂದ. ಸತ್ತ ಎಮ್ಮೆಯ ಅಥವಾ ಎತ್ತಿನ ಹಸಿಯ ತೊಗಲನ್ನು ಸುಣ್ಣದ ನೀರಿನ ಗುಂಡಿಯಲ್ಲಿ ಕೆಲವು ದಿನ ನೆನೆಹಾಕಿದರೆ ಕೂದಲಿನ ಬೇರು ಸಡಿಲವಾಗುತ್ತದೆ. ಬಾಗಿದ ಅಲಗಿನಿಂದ ಕೂದಲನ್ನು ಒಂದು ಬದಿಗೂ ಮಾಂಸದ ಶೇಷವನ್ನು ಇನ್ನೊಂದು ಬದಿಗೂ ಹೆರೆದು ತೆಗೆಯುತ್ತಿದ್ದರು. ಶಹಾಬಾದದ ಚಪ್ಪಡಿಯಾಗಿ ದೇಶದೇಶಗಳಿಗೆ ಹೋದ, ಮುಂದೆ ಸಿಮೆಂಟಾಗಿ ಬೆಟ್ಟದಷ್ಟು ಬಿದ್ದ ಇದೇ ಸುಣ್ಣಗಲ್ಲು, ಅದಕ್ಕೂ ಮೊದಲು ಊರಾಚೆಯ ಈ ಗುಂಡಿಗಳಲ್ಲಿ ಕರಗುತ್ತಿತ್ತೆಂಬುದನ್ನು ನೆನೆದಾಗ ನನಗೆ ಈ ಸೀಮೆಯ ಚರಿತ್ರೆಯೆಲ್ಲವೂ ಒಂದೇ ಕಲ್ಲಿನ ಸುತ್ತ ತಿರುಗಿದಂತೆ ಭಾಸವಾಗುತ್ತದೆ. ಸುಣ್ಣವನ್ನು ತೊಳೆದ ಮೇಲೆ ಒಗರಿನ ಸಂಸ್ಕಾರ. ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿ, ಇವುಗಳನ್ನು ಕುಟ್ಟಿ ನೆನೆಸಿದ ಕೆಂಪು ಕಷಾಯದಲ್ಲಿ ತೊಗಲನ್ನು ಮುಳುಗಿಸುವುದು ಒಂದು ಕ್ರಮ. ತೊಗಲನ್ನು ಹದಮಾಡುವ ದಖ್ಖಣದ ಢೋರರಲ್ಲಿ ಇದಕ್ಕಿಂತ ಚಮತ್ಕಾರದ ಇನ್ನೊಂದು ಕ್ರಮವಿತ್ತು: ತೊಗಲನ್ನೇ ಚೀಲದಂತೆ ಹೊಲಿದು, ಮೂರು ಕೋಲುಗಳ ನಡುವೆ ತೂಗುಹಾಕಿ, ಅದರೊಳಗೆ ತೊಗಟೆಯನ್ನೂ ನೀರನ್ನೂ ತುಂಬಿಬಿಟ್ಟರೆ, ಒಗರಿನ ರಸವು ಹನಿಹನಿಯಾಗಿ ತೊಗಲಿನ ದಪ್ಪವನ್ನೆಲ್ಲ ಹಾಯ್ದು ಹೊರಗೆ ಒಸರುತ್ತಿತ್ತು, ಒಸರಿದ ರಸವನ್ನು ಕೆಳಗಿನ ಮಡಕೆಯಲ್ಲಿ ಹಿಡಿದು ಮತ್ತೆ ಮೇಲಿನಿಂದ ಸುರಿಯುತ್ತಿದ್ದರು. ತೊಗಲು ತನಗೆ ಬೇಕಾದ ಹದವನ್ನು ತಾನೇ ಕುಡಿಯುವ ಈ ವಿಧಾನದಲ್ಲಿ ಎಷ್ಟು ಶತಮಾನಗಳ ಪರೀಕ್ಷೆ ಅಡಗಿದೆಯೋ!

ಹದವಾದ ತೊಗಲಿನಿಂದ ಮಿಣಿಯನ್ನು ತೆಗೆಯುವ ರೀತಿಯೂ ನೋಡತಕ್ಕದ್ದು. ಒಂದು ತೊಗಲಿನ ಉದ್ದವು ಏಳೆಂಟು ಅಡಿಯನ್ನು ಮೀರದು. ಬಾವಿಯ ಆಳವೋ ನಲವತ್ತು, ಐವತ್ತು ಅಡಿ. ತುಂಡುಗಳನ್ನು ಕೂಡಿಸುತ್ತ ಹೋದರೆ ಕೂಡಿಸಿದ ಕಡೆಯಲ್ಲೆಲ್ಲ ದೌರ್ಬಲ್ಯ. ಆದುದರಿಂದ ಸಮಗಾರನು ತೊಗಲನ್ನು ವರ್ತುಲಾಕಾರಕ್ಕೆ ಕತ್ತರಿಸಿ, ಹೊರ ಅಂಚಿನಿಂದ ಪ್ರಾರಂಭಿಸಿ ರಂಪಿಗೆಯನ್ನು ಒಂದೇ ಅಗಲಕ್ಕೆ ನಡೆಸುತ್ತ, ಸುರುಳಿಸುರುಳಿಯಾಗಿ ನಡುವಿನವರೆಗೆ ಕೊಯ್ದನೆಂದರೆ, ಒಂದೇ ತೊಗಲಿನಿಂದ ಎಲ್ಲಿಯೂ ಸಂದಿಲ್ಲದ ಉದ್ದನೆಯ ಬಾರು ಬಿಚ್ಚಿಕೊಳ್ಳುತ್ತಿತ್ತು. ಅದನ್ನು ನೀರಿನಲ್ಲಿ ನೆನೆಸಿ, ಎಳೆದು ನೇರಮಾಡಿ, ಎರಡು ಮೂರು ಎಳೆಗಳನ್ನು ಹೊಸೆದರೆ ಮಿಣಿ. ಬಳಿಕ ಎಣ್ಣೆಯ ಲೇಪ. ಈ ಭಾಗದ ಹೊಲಗಳಲ್ಲಿ ಜೋಳದ ಜೊತೆಗೆ ಬೆಳೆಯುವ ಕುಸುಬಿಯ ಎಣ್ಣೆಯನ್ನು ಬಹಳ ಹೊತ್ತು ಕಾಯಿಸಿ ಅಂಟಾದ ರೋಗನನ್ನು ಮಾಡಿ ಬಾವಿಯ ಮಿಣಿಗೂ ಮೊಟ್ಟೆಯ ತೊಗಲಿಗೂ ಸವರುವ ಪದ್ಧತಿ ದೇಶದಲ್ಲಿ ಪ್ರಚಾರದಲ್ಲಿತ್ತು. 19ನೆಯ ಶತಮಾನದ ಕೊನೆಯಲ್ಲಿ ಭಾರತದ ಆರ್ಥಿಕ ಉತ್ಪನ್ನಗಳ ಮಹಾನಿಘಂಟನ್ನು ಸಂಕಲಿಸಿದ ಜಾರ್ಜ್ ವ್ಯಾಟನು ಇದನ್ನು ಗಮನಿಸಿ ಬರೆದಿಟ್ಟಿದ್ದಾನೆ. ನೀರನ್ನು ತಡೆಯುವ ಗುಣ ಆ ರೋಗನಿಗೆ ಅಷ್ಟಿತ್ತು.

ಇಷ್ಟೆಲ್ಲ ಮಾಡಿದವನಿಗೆ ಸಲ್ಲುತ್ತಿದ್ದುದು ರಾಶಿಯ ದಿನ ಕಣದಲ್ಲಿ ಅಳೆದುಕೊಡುವ ಆಯದ ಕಾಳು. ರೈತನ ಮೊಟ್ಟೆ ಹರಿದರೆ ಅದನ್ನು ಹೊಲಿಯುವುದು ಅವನ ಹೊಣೆ. ನಡುಬೇಸಗೆಯಲ್ಲಿ ಬೆಳೆ ಒಣಗುತ್ತಿದ್ದರೆ ರಾತ್ರಿಯಲ್ಲಿಯೂ ಎದ್ದು ಬರಬೇಕು. ಆದರೆ ಅವನ ಕೈಯ ಚೀಲವು ದಿನಕ್ಕೆ ನೂರು ಸಲ ಯಾವ ಬಾವಿಯಲ್ಲಿ ಮುಳುಗಿ ಏಳುತ್ತಿತ್ತೋ, ಆ ಬಾವಿಯಿಂದ ಕುಡಿಯುವ ನೀರನ್ನು ಒಂದು ಕೊಡ ಸೇದಿಕೊಳ್ಳುವ ಅಧಿಕಾರ ಅವನಿಗಿರಲಿಲ್ಲ. ಮೊಟ್ಟೆಗೆ ಮೈಲಿಗೆಯಿಲ್ಲ, ಮೊಟ್ಟೆಯನ್ನು ಹೊಲಿದವನಿಗೆ ಮೈಲಿಗೆ ಎಂಬ ಈ ಅನ್ಯಾಯವನ್ನು ನಮ್ಮ ಹಿರಿಯರು ದಿನವೂ ಕಣ್ಣೆದುರು ನೋಡಿದರೂ ಕಾಣದೆ ಹೋದರು. 1927ರ ಮಾರ್ಚಿನಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡಕರರು ಬೊಗಸೆಯಲ್ಲೆತ್ತಿ ಕುಡಿದಾಗ ಪ್ರಶ್ನಿಸಲ್ಪಟ್ಟದ್ದು ದಖ್ಖಣದ ಪ್ರತಿಯೊಂದು ಬಾವಿಯ ಕಟ್ಟೆ. ನಮ್ಮ ಕೃಷಿಯ ಚರಿತ್ರೆಯನ್ನು ಬರೆಯುವವರು ಮೊಟ್ಟೆಯ ಹಾಡುಗಳನ್ನು ಸಂಗ್ರಹಿಸಿದ್ದಾರೆ, ಸಂತೋಷ. ಆ ಹಾಡಿನ ಜೊತೆಗೆ ಈ ಬಾಯಾರಿಕೆಯನ್ನೂ ಬರೆಯಬೇಕಾದುದು ನ್ಯಾಯ.

ತೊಗಲನ್ನು ಸುಧಾರಿಸುವ ಪ್ರಯತ್ನವೊಂದು ಮದರಾಸಿನಲ್ಲಿ ನಡೆಯಿತು. ಅಲ್ಲಿನ ಕಲಾಶಾಲೆಯ ಮುಖ್ಯಸ್ಥನಾಗಿದ್ದ ಆಲ್‌ಫ್ರೆಡ್ ಚಾಟರ್‌ಟನ್ 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ತೊಗಟೆಯ ಬದಲು ಕ್ರೋಮಿಯಮ್ ಲವಣಗಳಿಂದ ತೊಗಲನ್ನು ಹದಮಾಡುವ ಪ್ರಯೋಗವನ್ನು ಕೈಗೊಂಡು, ನೀರಿಗೆ ಹೆಚ್ಚು ಬಾಳಿಕೆ ಬರುವ ಆ ತೊಗಲಿನಿಂದ ರೈತರ ಕಪಿಲೆಯ ಚೀಲಗಳನ್ನು ಮಾಡಿಸಿದನು. ಮುಂದೆ ಅವನೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದನು. ಆದರೆ ಮೊಟ್ಟೆಯ ಆಯುಷ್ಯವು ಚೀಲವನ್ನು ಗಟ್ಟಿಮಾಡುವುದರಿಂದ ಉಳಿಯುವಂತಿರಲಿಲ್ಲ. ಅದನ್ನು ಹಿಂದಕ್ಕೆ ಸರಿಸುವ ಯಂತ್ರಗಳು ಆಗಲೇ ರೈಲಿನಲ್ಲಿ ಬರತೊಡಗಿದ್ದವು.

1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯು ಕಲಬುರಗಿ, ಶಹಾಬಾದ, ವಾಡಿಗಳನ್ನು ಹಾಯ್ದು ರಾಯಚೂರನ್ನು ಮುಟ್ಟಿ ಮದರಾಸಿನ ಹಳಿಯೊಡನೆ ಕೂಡಿತು. 1874ರಲ್ಲಿ ನಿಜಾಮ ಸರಕಾರದ ಹಳಿಯು ವಾಡಿಯಿಂದ ಚಿತ್ತಾಪುರ, ಸೇಡಮ್ಮಿನ ಕಡೆಯಿಂದ ಸಿಕಂದರಾಬಾದಿಗೆ ಹೋಯಿತು. ಅಲ್ಲಿಯವರೆಗೆ ಊರ ಮನೆಗಳ ನೆಲಕ್ಕೂ ಮಾಡಿಗೂ ಬಳಕೆಯಾಗುತ್ತಿದ್ದ ಕಲ್ಲು ರೈಲಿನ ಸರಕಾಯಿತು. ಕಲಬುರಗಿಯಲ್ಲಿ 6ನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರಿನ ಬಟ್ಟೆಯ ಗಿರಣಿಯು ಎದ್ದಿತು. ಆ ಕಾಲದ ಗಿರಣಿಯೊಳಗೆ ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಚಾಲಕವಿರುತ್ತಿರಲಿಲ್ಲ. ಮಾಡಿನ ಉದ್ದಕ್ಕೂ ತಿರುಗುವ ಒಂದು ದೊಡ್ಡ ದಂಡದಿಂದ ಹತ್ತಾರು ಪಟ್ಟಾಗಳು ಇಳಿದು ಕೆಳಗಿನ ಯಂತ್ರಗಳನ್ನು ತಿರುಗಿಸುತ್ತಿದ್ದವು. ಪಟ್ಟಾ ಎಂಬ ಶಬ್ದವೂ ಹೀಗೆಯೇ ನಮ್ಮ ಭಾಗದ ಬಾಯಿಗೆ ಕಾರ್ಖಾನೆಯ ಅರ್ಥದಲ್ಲಿ ಬಂದಿರಬೇಕು. ಬಾರು, ಮಿಣಿಗಳು ಎಳೆಯುತ್ತಿದ್ದವು, ಪಟ್ಟಾ ತಿರುಗಿಸತೊಡಗಿತು. ಬಾರಿಗೆ ಎರಡು ತುದಿಗಳಿದ್ದರೆ ಸಾಕು, ಪಟ್ಟಾಕ್ಕೆ ತುದಿಯೇ ಇರಕೂಡದು. ಸುರುಳಿಯಾಗಿ ಕೊಯ್ದು ಸಂದನ್ನು ತಪ್ಪಿಸಿಕೊಳ್ಳುತ್ತಿದ್ದ ಹಳೆಯ ಜಾಣ್ಮೆಗೆ ಇಲ್ಲಿ ದಾರಿಯಿಲ್ಲ. ಒಂದು ಸಂದಾದರೂ ಅನಿವಾರ್ಯ, ಮತ್ತು ಪಟ್ಟಾದ ಬಾಳೆಲ್ಲವೂ ಆ ಸಂದಿನ ಕೈಯಲ್ಲಿ.

ಗಿರಣಿಯ ಮುತ್ಯಾ ಅದನ್ನು ಕೂಡಿಸುತ್ತಿದ್ದ ಬಗೆಯನ್ನು ನಾನು ಹತ್ತಿರ ಕುಳಿತು ನೋಡಿದ್ದೇನೆ. ಮೊದಲು ಬಡಗಿಯ ಮೂಲೆಮಟ್ಟವನ್ನು ಇಟ್ಟು ಎರಡು ತುದಿಗಳನ್ನೂ ಅಂಚಿಗೆ ಸರಿಯಾಗಿ ಲಂಬವಾಗಿರುವಂತೆ ಕತ್ತರಿಸುವರು. ನೂಲೆಳೆಯಷ್ಟು ಓರೆಯಾದರೂ ಪಟ್ಟಾದ ಒಂದು ಅಂಚು ಬಿಗಿದು ಇನ್ನೊಂದು ಸಡಿಲವಾಗಿ, ಅದು ಗಾಲಿಯ ಮೇಲೆ ಹಾವಿನಂತೆ ಅತ್ತಿತ್ತ ಹರಿದಾಡುವುದು. ಬಳಿಕ ಆರಿಯಿಂದ ರಂಧ್ರಗಳು, ಎರಡೆರಡು ಸಾಲು. ಮುಂದಿನ ಸಾಲಿನ ರಂಧ್ರವು ಹಿಂದಿನ ಸಾಲಿನ ಎರಡು ರಂಧ್ರಗಳ ನಡುವೆ ಬರಬೇಕು, ಒಂದೇ ಗೆರೆಗೆ ಬಂದರೆ ಕಾಗದವನ್ನು ಚುಚ್ಚಿ ಹರಿದಂತೆ ಅಲ್ಲಿಯೇ ಹರಿಯುವುದು. ಹೊಲಿಗೆಯ ಬಾರು ಗಾಲಿಗೆ ತಾಗುವ ಒಳಮೈಯಲ್ಲಿ ನೆಟ್ಟಗೆ, ಓಟದ ದಿಕ್ಕಿನಲ್ಲಿಯೇ ಸಾಗಬೇಕು; ಅಡ್ಡಹಾಯುವ ಗಂಟೆಲ್ಲ ಹೊರಮೈಯಲ್ಲಿ. ಕೊನೆಗೆ ಕೊಡತಿಯಿಂದ ಮೆಲ್ಲನೆ ತಟ್ಟಿ, ಹರಳೆಣ್ಣೆಯ ಕೈಯನ್ನು ಸವರಿ, ಪಟ್ಟಾವನ್ನು ಗಾಲಿಯ ಮೇಲೆ ಏರಿಸುವರು. ಆ ಗಾಲಿಯೂ ಸಮತಟ್ಟಾಗಿರಲಿಲ್ಲವೆಂಬುದು ಅಂದು ನನ್ನ ಬೆರಳಿಗೆ ತಿಳಿಯಿತು. ನಡುವೆ ಅದು ಕೊಂಚ ಉಬ್ಬಿತ್ತು. ಪಟ್ಟಾ ಉಬ್ಬಿನಿಂದ ಜಾರಿ ಕೆಳಗೆ ಬೀಳಬೇಕಲ್ಲವೇ ಎಂಬುದು ಬುದ್ಧಿಗೆ ತೋರುವ ತರ್ಕ, ವಸ್ತುಸ್ಥಿತಿಯೇ ಬೇರೆ. ಓಡುವ ಪಟ್ಟಾ ಯಾವಾಗಲೂ ಗಾಲಿಯ ಅತ್ಯಂತ ಎತ್ತರವಾದ ಕಡೆಗೇ ಏರುತ್ತದೆ, ಏಕೆಂದರೆ ಉಬ್ಬಿನ ಇಳುಕಲಿನಲ್ಲಿ ಬಾಗಿದ ಪಟ್ಟಾದ ಮುಂದಿನ ಭಾಗವು ಗಾಲಿಗೆ ತಗುಲುವ ಸ್ಥಳವು ಪ್ರತಿ ಸುತ್ತಿಗೂ ನಡುವಿನ ಕಡೆಗೆ ಒಂದಿಷ್ಟು ಸರಿಯುತ್ತ ಹೋಗುತ್ತದೆ. ಅಂಚಿಗೆ ತಡೆಗೋಡೆಯಿಲ್ಲದೆಯೂ ಪಟ್ಟಾ ತನ್ನ ಮಾರ್ಗವನ್ನು ತಾನೇ ಹಿಡಿದುಕೊಳ್ಳುವ ಈ ಸೌಂದರ್ಯವನ್ನು ನಾನು ಎಷ್ಟು ಸಲ ನೋಡಿದರೂ ತಣಿದವನಲ್ಲ. ಸಡಿಲವಾದ ಎಳೆ ಮೇಲೆ, ಬಿಗಿಯಾದ ಎಳೆ ಕೆಳಗೆ ಇರುವಂತೆ ತಿರುಗಿಸಿದರೆ, ಮೇಲಿನ ಎಳೆ ಜೋತುಬಿದ್ದು ಗಾಲಿಯನ್ನು ಇನ್ನಷ್ಟು ಸುತ್ತ ತಬ್ಬುತ್ತದೆ, ತಬ್ಬಿದಷ್ಟೂ ಹಿಡಿತ.

ಹಳ್ಳಿಗೆ ಇಂಜಿನನ್ನು ತಂದವರಲ್ಲಿ ಕನ್ನಡ ನೆಲದವರೇ ಒಬ್ಬರಿದ್ದರು. 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಪ್ರಾರಂಭಿಸಿ, ದನಗಳಿಗೆ ಕಣಕಿಯನ್ನು ಸಣ್ಣಗೆ ಕತ್ತರಿಸಿ ಹಾಕುವ ಯಂತ್ರವನ್ನೂ, ಆಮೇಲೆ ಕಬ್ಬಿಣದ ನೇಗಿಲನ್ನೂ ಮಾಡಿದರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಎಣ್ಣೆ ಇಂಜಿನಿನ ಕಂಪನಿಯು 1946ರಲ್ಲಿ ಪುಣೆಯಲ್ಲಿ ಸ್ಥಾಪಿತವಾಯಿತು. 1948ರಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ನಮ್ಮ ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿದ ಮೇಲಿನ ದಶಕಗಳಲ್ಲಿ ಬಾವಿಯ ದಡಗಳಲ್ಲಿ ಇಂಜಿನು, ಪಂಪುಗಳು ಕುಳಿತವು, ಮೊಟ್ಟೆಯ ಚೌಕಟ್ಟುಗಳು ಒಲೆಯ ಕಟ್ಟಿಗೆಯಾದವು. ಸಮಗಾರನ ಆಯವೂ ಅದರೊಡನೆ ನಿಂತಿತು. ಇಂಜಿನಿನ ಪಟ್ಟಾ ತೊಗಲಿನದಾಗಿದ್ದಷ್ಟು ದಿನ ಅವನಿಗೊಂದಿಷ್ಟು ಕೆಲಸವಿತ್ತು. ಬಟ್ಟೆಯ ಪದರಗಳಿಗೆ ರಬ್ಬರನ್ನು ಹಾಯಿಸಿದ ಪಟ್ಟಾಗಳು ಪೇಟೆಗೆ ಬಂದ ಮೇಲೆ ಅದೂ ಹೋಯಿತು.

ರಬ್ಬರಿನದು ಇನ್ನೊಂದು ದೊಡ್ಡ ಕಥೆ. ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ರಬ್ಬರಿಗೆ ಗಂಧಕವನ್ನು ಕೂಡಿಸಿ ಕಾಯಿಸಿ ಅದನ್ನು ಬಿಸಿಲಿಗೆ ಕರಗದಂತೆ, ಚಳಿಗೆ ಒಡೆಯದಂತೆ ಮಾಡಿದನೆಂಬಲ್ಲಿಗೆ ಬಿಟ್ಟು ಮುಂದೆ ಹೋಗಬಹುದು. ಈ ಸೀಮೆಯಲ್ಲಿ ಅದರ ಮಹಾರೂಪವು ಕಂಡದ್ದು ಸಿಮೆಂಟಿನ ಕಾರ್ಖಾನೆಗಳಲ್ಲಿ. ಶಹಾಬಾದದ ಸಿಮೆಂಟು ಕಂಪನಿಯು 1936ರಲ್ಲಿ ಇತರ ಕಂಪನಿಗಳೊಡನೆ ಕೂಡಿ ಎ.ಸಿ.ಸಿ.ಯ ಅಂಗವಾಯಿತು, 1968ರಲ್ಲಿ ವಾಡಿಯ ಕಾರ್ಖಾನೆ ಪ್ರಾರಂಭವಾಯಿತು, 1980ರ ದಶಕದಲ್ಲಿ ಮಳಖೇಡದಲ್ಲಿಯೂ ಸೇಡಮ್ಮಿನಲ್ಲಿಯೂ ಹೊಸ ಕಾರ್ಖಾನೆಗಳೆದ್ದವು. ಗಣಿಯಲ್ಲಿ ಸಿಡಿಸಿದ ಕಲ್ಲು ಪುಡಿಯಾಗಿ, ಆಳೆತ್ತರದ ಕಂಬಗಳ ಮೇಲೆ, ಹೊಲಗಳ ನಡುವೆಯೇ ಹಾಯ್ದ ಅಗಲವಾದ ಪಟ್ಟಾದ ಮೇಲೆ ಕುಳಿತು ಕಾರ್ಖಾನೆಗೆ ಹೋಗತೊಡಗಿತು. ಅಲ್ಲಿಯೂ ಅದೇ ಪ್ರಶ್ನೆ, ಸಂದಿನದು. ಪದರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಸುಲಿದು, ಒಂದು ತುದಿಯ ಮೆಟ್ಟಿಲು ಇನ್ನೊಂದರ ಮೆಟ್ಟಿಲಿನಲ್ಲಿ ಕೂರುವಂತೆ ಹೊಂದಿಸಿ, ನಡುವೆ ಹಸಿಯ ರಬ್ಬರನ್ನಿಟ್ಟು, ಎರಡು ಕಬ್ಬಿಣದ ಹಾಸುಗಳ ನಡುವೆ ಒತ್ತಿ, 140 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ ಕಾಯಿಸಿದರೆ ಎರಡು ತುದಿಗಳು ಒಂದೇ ಮೈಯಾಗುತ್ತವೆ. ಅದನ್ನು ಮಾಡುವವರು ಮೊದಲು ಪಟ್ಟಾದ ನಡುಗೆರೆಯನ್ನು ಹಲವು ಕಡೆ ಅಳೆದು ಗುರುತಿಸಿ, ಆ ಗೆರೆಗೆ ಲಂಬವನ್ನು ಎಳೆದ ಮೇಲೆಯೇ ಅಲಗನ್ನು ಕೈಗೆತ್ತಿಕೊಳ್ಳುತ್ತಾರೆ. ಗಿರಣಿಯ ಮುತ್ಯಾನ ಮೂಲೆಮಟ್ಟವೇ ಇಲ್ಲಿ ಬೆಳೆದು ದೊಡ್ಡದಾಗಿದೆ. ಮೆಟ್ಟಿಲಿನ ತೆಳುಬಾಯಿ ಓಟಕ್ಕೆ ಎದುರಾಗಿ ಕೂರಬಾರದೆಂಬ ನಿಯಮವೂ ಹಳೆಯದೇ; ಎದುರಾದರೆ ಗಾಲಿಯೂ ಕೆರೆಯುವ ಅಲಗೂ ಅದನ್ನು ಕೆತ್ತಿ ಎಬ್ಬಿಸುತ್ತವೆ.

ಹೊಲದ ಕಡೆಗೆ ಮತ್ತೆ ಬರೋಣ. ಕಾಗಿಣೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬೇರುಸಹಿತ ಕಿತ್ತು, ತೆನೆ ಮುರಿದು, ಕಣಕಿಯನ್ನು ಸಿವುಡು ಕಟ್ಟಿ ಬಣವೆ ಒಟ್ಟುವುದು ತಲತಲಾಂತರದ ಕ್ರಮ. ಜೋಳದ ಕಾಳು ಮನುಷ್ಯನಿಗೆ, ಕಣಕಿ ದನಕ್ಕೆ. ಬರದ ವರ್ಷಗಳಲ್ಲಿ ಎರಡನೆಯದರ ಬೆಲೆಯೇ ಮೊದಲನೆಯದನ್ನು ಮೀರುವುದುಂಟು. ಮಳೆಯ ನೀರು ಒಳಗಿಳಿಯದಂತೆ ಸಿವುಡುಗಳ ಬುಡವನ್ನು ಹೊರಕ್ಕಿಟ್ಟು ಬಣವೆಯ ಬೆನ್ನನ್ನು ಇಳಿಜಾರಾಗಿ ತರುವವನಿಗೆ ಊರಲ್ಲಿ ವಿಶೇಷ ಮಾನ್ಯತೆಯಿತ್ತು. ಮೇವನ್ನು ಒತ್ತಿ ಪೆಂಡಿ ಕಟ್ಟುವ ಯಂತ್ರದ ಅಗತ್ಯವು ಇಲ್ಲಿ ತೋರಿದ್ದು ಬರಗಾಲದಲ್ಲಿ ಮಾತ್ರ. 1899-1900ರ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತ್ಯದ ಸರಕಾರವು ಕಾಡಿನ ಹುಲ್ಲನ್ನು ಒತ್ತಿ ಕಟ್ಟಿಸಿ ರೈಲಿನಲ್ಲಿ ಸಾಗಿಸಿತು.

ಪಶ್ಚಿಮದಲ್ಲಿ ಬಣವೆಯೇ ಯಂತ್ರವನ್ನು ಹೊಕ್ಕಿತು. ಅಮೆರಿಕದ ನೆಬ್ರಾಸ್ಕಾ ಪ್ರಾಂತದ ಸಟ್ಟನ್ನಿನ ಲ್ಯೂಬೆನ್ ಮನೆತನದವರು, ಹುಲ್ಲನ್ನು ಚೌಕದ ಬದಲು ಚಾಪೆಯಂತೆ ಸುತ್ತಿದರೆ ಮಳೆಯ ನೀರು ಹುಲ್ಲಿನ ಮನೆಯ ಮಾಡಿನಿಂದಿಳಿದಂತೆ ಜಾರಿಹೋಗುವುದೆಂದು ಕಂಡುಕೊಂಡರು. ಅವರ ಯಂತ್ರದ ಹಕ್ಕನ್ನು ಕೊಂಡ ಆಲಿಸ್-ಚಾಮರ್ಸ್ ಕಂಪನಿಯು 1947ರಲ್ಲಿ ಅದನ್ನು ರೈತರ ಕೈಗೆ ತಂದಿತು. 1971ರಲ್ಲಿ ಅಯೋವಾದ ಪೆಲ್ಲಾ ಎಂಬ ಊರಿನ ಗ್ಯಾರಿ ವರ್ಮೀರನು ಆಳೆತ್ತರದ ಪೆಂಡಿಯನ್ನು ಸುತ್ತುವ ದೊಡ್ಡ ಯಂತ್ರವನ್ನು ಮಾಡಿದನು. ಅದರ ಹೊಟ್ಟೆಯೊಳಗೆ ಪಕ್ಕಪಕ್ಕದಲ್ಲಿ ಹಲವು ರಬ್ಬರಿನ ಪಟ್ಟಾಗಳು ಓಡುತ್ತ, ಹುಲ್ಲನ್ನು ತಮ್ಮ ಮಡಿಲಿನಲ್ಲಿ ಉರುಳಿಸಿ ಉರುಳಿಸಿ ಪೆಂಡಿಯನ್ನಾಗಿ ಬೆಳೆಸುತ್ತವೆ. ಒಂದು ಪಟ್ಟಾ ಮಿಕ್ಕವುಗಳಿಗಿಂತ ಉದ್ದವಾದರೆ ಅದು ಸಡಿಲವಾಗಿ ಪಕ್ಕಕ್ಕೆ ಜಾರಿ ನೆರೆಯದರ ಅಂಚನ್ನು ಕಡಿಯುತ್ತದೆ. ಆದುದರಿಂದ ಒಂದರ ಸಂದು ಸವೆದು ಕತ್ತರಿಸಿ ಹೊಸದಾಗಿ ಕೂಡಿಸಬೇಕಾಗಿ ಬಂದರೆ, ಎಲ್ಲವನ್ನೂ ಬಿಚ್ಚಿ ಒಂದೇ ಉದ್ದಕ್ಕೆ ತರುವುದು ಜಾಣರ ಕ್ರಮ. ತುದಿಗಳಿಗೆ ಉಕ್ಕಿನ ಕೊಕ್ಕೆಗಳ ಸಾಲನ್ನು ಕಚ್ಚಿಸಿ, ಎರಡು ಸಾಲುಗಳನ್ನು ಬೆರಳಿಗೆ ಬೆರಳು ಹೆಣೆದಂತೆ ಹೊಂದಿಸಿ, ನಡುವೆ ಒಂದು ಕಡ್ಡಿಯನ್ನು ತೂರಿಸುತ್ತಾರೆ. ಗಾಲಿಯ ಅಂಚಿಗೆ ತಗುಲಿ ಸಿಗಿಯದಂತೆ ಪಟ್ಟಾದ ಮೂಲೆಯನ್ನು ಚಿಕ್ಕದಾಗಿ ಸವರಿ ಬಿಡುತ್ತಾರೆ. ಮುತ್ಯಾನೂ ಮೂಲೆಯನ್ನು ಸವರುತ್ತಿದ್ದರು.

ನಮ್ಮಲ್ಲಿ ತುಂಗಭದ್ರೆಯ ಕಾಲುವೆಯ ಕೆಳಗೆ, ಗಂಗಾವತಿ, ಸಿಂಧನೂರುಗಳ ಕಡೆ, ಕೊಯ್ಲಿನ ಯಂತ್ರವು ಬಿಟ್ಟುಹೋದ ನೆಲ್ಲುಹುಲ್ಲನ್ನು ಟ್ರ್ಯಾಕ್ಟರಿನ ಹಿಂದೆ ಬರುವ ಸಣ್ಣ ಯಂತ್ರಗಳು ಉರುಟಾಗಿ ಸುತ್ತುವುದನ್ನು ಈಗ ಕಾಣಬಹುದು. ಅವುಗಳಲ್ಲಿ ಬಹುಪಾಲು ಉರುಳೆ, ಸರಪಳಿಗಳಿಂದಲೇ ನಡೆಯುತ್ತವೆ. ಕಾಗಿಣೆಯ ಹೊಲದಲ್ಲಿ ಪಟ್ಟಾದ ರಾಜ್ಯವು ನಡೆಯುವುದು ತೊಗರಿಯ ರಾಶಿಯ ಯಂತ್ರದಲ್ಲಿ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ನಮ್ಮ ತೊಗರಿಯು ಬೇಳೆಯಾಗುವುದಕ್ಕೆ ಮುಂಚೆ ಈ ಯಂತ್ರದ ಬಾಯಿಯನ್ನು ಹೊಕ್ಕು, ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುತ್ತದೆ. ಕಳೆದ ಪುಷ್ಯಮಾಸದಲ್ಲಿ ಗುಂಡಗುರ್ತಿಯ ಸಮೀಪದ ಹೊಲವೊಂದರಲ್ಲಿ ಅಂಥ ಯಂತ್ರವು ಪಟ್ಟಾ ಹರಿದು ನಿಂತಿತ್ತು. ಧೂಳಿನಿಂದ ಹುಬ್ಬೆಲ್ಲ ಬಿಳಿಯಾದ ಹುಡುಗನೊಬ್ಬನು ಹರಿದ ತುದಿಯನ್ನು ಶಹಾಬಾದಿನ ಚಪ್ಪಡಿಯ ಮೇಲೆ ಹಾಸಿ, ಚಪ್ಪಡಿಯ ನೇರವಾದ ಅಂಚನ್ನೇ ಮೂಲೆಮಟ್ಟವನ್ನಾಗಿ ಮಾಡಿಕೊಂಡು ಕೊಯ್ದನು. ಕೊಕ್ಕೆಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ಬಡಿದು ಕಚ್ಚಿಸಿ, ಕಡ್ಡಿಯನ್ನು ತೂರಿಸಿ, ಯಂತ್ರವನ್ನು ಮೆಲ್ಲನೆ ಒಂದೆರಡು ಸುತ್ತು ತಿರುಗಿಸಿ, ಕಿವಿಗೊಟ್ಟು ನಿಂತನು. ಪೂರ್ತಿ ವೇಗಕ್ಕೆ ಬಿಡುವ ಮೊದಲು ಹಾಗೆ ಕಿವಿಗೊಡಬೇಕೆಂದು ಅವನಿಗೆ ಯಾರು ಹೇಳಿಕೊಟ್ಟರೆಂದು ನಾನು ಕೇಳಲು, "ಅದು ಬಡಿಯೋ ಸಪ್ಪಳದಾಗೇ ಗೊತ್ತಾಗ್ತದ್ರಿ" ಎಂದಷ್ಟೇ ಹೇಳಿದನು.

ಕೊಯ್ದುಳಿದ ತುಂಡನ್ನು ಹೊಲದ ಯಜಮಾನನು ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟನು. ಈ ಭಾಗದಲ್ಲಿ ಹಳೆಯ ಪಟ್ಟಾದ ತುಂಡಿಗೆ ಗಿರಾಕಿಗಳು ಯಾವಾಗಲೂ ಇದ್ದಾರೆ. ಕೊಟ್ಟಿಗೆಯ ನೆಲಕ್ಕೆ ಹಾಸಿದ ನುಣುಪಾದ ಚಪ್ಪಡಿಯ ಮೇಲೆ ಗಂಜಲ ಬಿದ್ದರೆ ಕರುವಿನ ಕಾಲು ಜಾರುತ್ತದೆ; ಅದಕ್ಕಾಗಿ ಗೋದಲಿಯ ಮುಂದೆ ಇಂಥ ತುಂಡುಗಳನ್ನು ಹಾಸುತ್ತಾರೆ. ಸಂಜೆ ನಾನು ಅವನ ಕೊಟ್ಟಿಗೆಯ ಬಾಗಿಲಲ್ಲಿ ಹಾಯ್ದು ಬರುವಾಗ ಆ ಪಟ್ಟಾದ ಮೇಲೆ ಮುಂಗಾಲನ್ನೂರಿ ನಿಂತ ಕರುವೊಂದು ಕಣಕಿಯನ್ನು ಜಗಿಯುತ್ತಿತ್ತು.